ಕಾರಿನ ಎಸಿ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಹೋದ ಮೇ ತಿಂಗಳಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಎಸಿ ಕೈಕೊಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು. ಮರುದಿನ ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ ‘ಗ್ಯಾಸ್ ಖಾಲಿ ಆಗಿದೆ ಸರ್’ ಅಂದರು. ತುಂಬಿಸಿದರು, ದುಡ್ಡು ಕೊಟ್ಟೆ. ಮೂರೇ ವಾರಕ್ಕೆ ಮತ್ತೆ ಅದೇ ಬಿಸಿಗಾಳಿ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಒಂಚೂರು ಸೋರುವುದು ಸಹಜ. ವಾರಗಳಲ್ಲಿ ಕಡಿಮೆಯಾಯಿತು ಅಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಎಷ್ಟೋ ಸಲ ತೊಂದರೆ ಇರುವುದು ಗ್ಯಾಸಿನಲ್ಲೇ ಅಲ್ಲ. ಅದಕ್ಕೇ ಗ್ಯಾರೇಜಿಗೆ ಹೋಗುವ ಮುಂಚೆ ಮನೆ ಮುಂದೆ ನಿಲ್ಲಿಸಿಕೊಂಡು ಅರ್ಧ ಗಂಟೆ ಪರೀಕ್ಷೆ ಮಾಡಿ.

ಮೊದಲು ಗಾಳಿ ನೋಡಿ

ಫ್ಯಾನನ್ನು ಜೋರಾಗಿಟ್ಟು ಗಾಳಿ ಬರುವ ಕಿಂಡಿಗೆ ಕೈ ಒಡ್ಡಿ. ಗಾಳಿಯೇ ಕಡಿಮೆ ಬರುತ್ತಿದೆಯೋ, ಅಥವಾ ಗಾಳಿ ಚೆನ್ನಾಗಿದ್ದು ತಂಪಿಲ್ಲವೋ? ಇವು ಬೇರೆ ಬೇರೆ ಕಾಯಿಲೆ. ಗಾಳಿ ಬರುವುದೇ ಇಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದು ಹಾಕಿ, ಜಾಸ್ತಿಯದ್ದು ಬೇಡ. ಕೈಯಲ್ಲಿ ತಿರುಗಿಸುವ ಗುಂಡಿಯ ಕಾರಿನಲ್ಲಿ 1, 2, 3ರಲ್ಲಿ ಫ್ಯಾನ್ ಓಡದೆ 4ರಲ್ಲಿ ಮಾತ್ರ ಓಡಿದರೆ ಬಹುತೇಕ ಫ್ಯಾನಿನ ವೇಗ ಹೊಂದಿಸುವ ರೆಸಿಸ್ಟರ್ ಹೋಗಿರುತ್ತದೆ. ಅದು ಚಿಕ್ಕ ಬಿಡಿಭಾಗ. ಅದಕ್ಕಾಗಿ ಮೋಟರನ್ನೇ ಬದಲಿಸಬೇಕಿಲ್ಲ.

ಗಾಳಿ ಕಡಿಮೆ ಇದ್ದರೆ, ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆಯಿರಿ. ಬಹಳಷ್ಟು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಡಬ್ಬಿಯ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಗೆ ಜಾರುತ್ತದೆ. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದನ್ನು ತೆಗೆದು ಫಿಲ್ಟರನ್ನು ಮೆಲ್ಲಗೆ ಎಳೆಯಿರಿ. ನಮ್ಮ ಕಾರಿನದ್ದು ಹೊರಬಂದಾಗ ಅದಿರಿನ ಕೆಂಪು ಧೂಳು ಮಡಿಕೆ ಮಡಿಕೆಯಲ್ಲೂ ಗಾರೆಯ ಹಾಗೆ ಕೂತಿತ್ತು. ಮೂಲೆಯಲ್ಲಿ ಹೊಂಗೆ ಎಲೆಯ ಚೂರು, ಇಲಿ ಕಡಿದ ಬಟ್ಟೆಯ ಎಳೆ. ಇದರ ಮೂಲಕ ಗಾಳಿ ಬರುವುದಾದರೂ ಹೇಗೆ? ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಹೊಸದು ಹಾಕುವಾಗ ಬಾಣದ ಗುರುತು ಹಳೆಯದರಲ್ಲಿ ಇದ್ದ ದಿಕ್ಕಿಗೇ ಇರಲಿ. ಫಿಲ್ಟರ್ ಜಾಗದಲ್ಲಿ ಇಲಿ ಗೂಡಿದ್ದರೆ ಬಾನೆಟ್ ಕೆಳಗಿನ ವೈರುಗಳನ್ನೂ ಒಮ್ಮೆ ನೋಡಿ.

ಬಾನೆಟ್ ಎತ್ತಿ ಕಿವಿ ಕೊಡಿ

ಎಂಜಿನ್ ಓಡುತ್ತಿರಲಿ. ಮನೆಯವರಲ್ಲಿ ಒಬ್ಬರಿಗೆ ಎಸಿ ಬಟನ್ ಒತ್ತಲು ಹೇಳಿ. ಸೀರೆ, ಶಾಲು, ಕೈ ಯಾವುದೂ ಬೆಲ್ಟಿನ ಹತ್ತಿರ ಹೋಗದಿರಲಿ. ‘ಟಕ್’ ಎಂದು ಶಬ್ದ ಬಂದು ಎಂಜಿನ್ ಸದ್ದು ಸ್ವಲ್ಪ ಬದಲಾದರೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೆಲಸ ಶುರು ಮಾಡಿತು ಎಂದರ್ಥ. ಟಕ್ ಬರದಿದ್ದರೆ ಫ್ಯೂಸ್, ರಿಲೇ, ವೈರಿಂಗ್ ಅಥವಾ ಗ್ಯಾಸ್ ತೀರಾ ಕಡಿಮೆ ಆಗಿರುವುದು, ಇವುಗಳಲ್ಲಿ ಒಂದು ಕಾರಣ ಇರಬಹುದು. ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಹೀಗೆ ಟಕ್ ಎಂದು ಕೂಡಿಕೊಳ್ಳುವ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಈ ಶಬ್ದ ಕೇಳಿಸದು. ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಹೈವೇಯಲ್ಲಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ. ಇದು ಗ್ಯಾಸಿನ ದೋಷ ಅಂತ ತಕ್ಷಣ ಒಪ್ಪಿಕೊಳ್ಳಬೇಡಿ. ರೇಡಿಯೇಟರ್ ಮುಂದೆ ಕಂಡೆನ್ಸರ್ ಎಂಬ ಜಾಲರಿ ಇದೆ. ಒಳಗಿನ ಸೆಕೆಯನ್ನು ಹೊರಗೆ ಬಿಡುವುದು ಅದೇ. ಕಾರು ಓಡುವಾಗ ಅದಕ್ಕೆ ಗಾಳಿ ತಾನಾಗಿ ಸಿಗುತ್ತದೆ, ನಿಂತಾಗ ಬಾನೆಟ್ ಒಳಗಿನ ಫ್ಯಾನ್ ಬೇಕು. ಎಸಿ ಹಾಕಿ ನಿಂತಾಗ ಆ ಫ್ಯಾನ್ ತಿರುಗುತ್ತಿದೆಯೇ ನೋಡಿ. ಜಾಲರಿಯಲ್ಲಿ ಹುಳ, ಮಣ್ಣು ಕೂತಿದ್ದರೆ ಎಂಜಿನ್ ತಣ್ಣಗಾದ ಮೇಲೆ ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಜೋರು ಪ್ರೆಶರ್ ಬೇಡ, ಜಾಲರಿಯ ತೆಳುವಾದ ತಗಡುಗಳು ಬಾಗಿಹೋಗುತ್ತವೆ.

ಹೀಟರ್ ಸಂಗತಿ

ಬಳ್ಳಾರಿ ಕಡೆಯವರಿಗೆ ಹೀಟರ್ ನೆನಪಾಗುವುದೇ ಇಲ್ಲ. ಮಡಿಕೇರಿ ಮಳೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಎಂಜಿನ್ನನ್ನು ತಂಪಾಗಿಡುವ ದ್ರವವೇ ಕೂಲಂಟ್. ಎಂಜಿನ್ ಬಿಸಿ ಮಾಡಿದ ಆ ಕೂಲಂಟಿನಿಂದಲೇ ಹೀಟರಿಗೆ ಶಾಖ ಬರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದರೂ ಬೆಚ್ಚಗಾಗದಿದ್ದರೆ ಕೂಲಂಟ್ ಕಡಿಮೆ ಇರಬಹುದು, ಅದರ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು. ಕೂಲಂಟ್ ಮಟ್ಟವನ್ನು ತಣ್ಣಗಿದ್ದಾಗ ಮಾತ್ರ ನೋಡಿ. ಎಂಜಿನ್ ಬಿಸಿ ಇದ್ದಾಗ ಕೂಲಂಟಿನ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಕಂಪ್ರೆಸರ್ ಸರಿಯಾಗಿದ್ದೂ ಬಿಸಿಗಾಳಿ ಬಂದರೆ, ಡ್ಯಾಶ್‌ಬೋರ್ಡ್ ಒಳಗೆ ಬಿಸಿ-ತಂಪು ಬೆರೆಸುವ ಬಾಗಿಲು ಸಿಕ್ಕಿಕೊಂಡಿರಬಹುದು. ಗುಂಡಿ ತಿರುಗಿಸಿದಾಗ ಕಟಕಟ ಶಬ್ದ ಬಂದರೆ ಅನುಮಾನ ಅದರ ಮೇಲೇ. ಕಾಲ ಬುಡದ ಮ್ಯಾಟ್ ಒದ್ದೆಯಾದರೆ ಬೆರಳಿನಿಂದ ಮುಟ್ಟಿ ನೋಡಿ. ಬರೀ ನೀರಾದರೆ ಎಸಿ ನೀರು ಹೋಗುವ ಪೈಪ್ ಕಟ್ಟಿರಬಹುದು. ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್. ನೆಕ್ಕಬೇಡಿ, ವಿಷ. ಕಾರನ್ನು ನೇರ ಗ್ಯಾರೇಜಿಗೆ ಒಯ್ಯಿರಿ.

ಇನ್ನು ಗ್ಯಾಸ್

ಮೇಲಿನದೆಲ್ಲ ಸರಿಯಿದ್ದರೆ ಆಗ ಗ್ಯಾಸ್ ಮಾತು. ಇದನ್ನು ಮನೆಯಲ್ಲಿ ಮುಟ್ಟಬೇಡಿ. ಹೆಚ್ಚಿನ ಕಾರುಗಳಲ್ಲಿ ಇರುವ ಆರ್-134ಎ ಎಂಬ ಗ್ಯಾಸ್ ಹೊರಗೆ ಬಂದರೆ ಸುಮಾರು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಚರ್ಮ ಹೆಪ್ಪುಗಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲೂ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜೋರು. ಸುಮ್ನೆ ಗಾಳಿಗೆ ಬಿಡುವಂಥದ್ದಲ್ಲ.

ಗ್ಯಾರೇಜಿನಲ್ಲಿ ಎರಡು ಮಾತು ಕೇಳಿ. ಲೀಕ್ ಎಲ್ಲಿದೆ ತೋರಿಸಿ. ಎಷ್ಟು ಗ್ರಾಂ ತುಂಬಿದಿರಿ ಹೇಳಿ. ಎಷ್ಟು ಹಿಡಿಯುತ್ತದೆ ಎಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಚೀಟಿಯಲ್ಲೇ ಇರುತ್ತದೆ. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತದೆ.

ನಾನು ಎರಡನೇ ಸಲ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ತಕ್ಷಣ ಗ್ಯಾಸ್ ಸಿಲಿಂಡರ್ ಮುಟ್ಟಲಿಲ್ಲ. ಮೊದಲು ಟಾರ್ಚ್ ಹಿಡಿದು ಪೈಪುಗಳ ಮೇಲೆ ಬೆಳಕು ಹಾಯಿಸಿದರು. ಒಂದು ಜಾಯಿಂಟಿನ ಸುತ್ತ ಕೆಂಪು ಧೂಳು ಎಣ್ಣೆಗೆ ಅಂಟಿ ಕಪ್ಪಾಗಿತ್ತು. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುತ್ತದೆ, ಸೋರಿದ ಕಡೆ ಜಿಡ್ಡು ಬಿಟ್ಟುಹೋಗುತ್ತದೆ. ಸೋಪಿನ ನೀರು ಹಚ್ಚಿದರು, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಒಳಗಿನ ರಬ್ಬರ್ ಉಂಗುರ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿ, ವ್ಯಾಕ್ಯೂಮ್ ಹಾಕಿ ಪೈಪಿನೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ತೂಕ ನೋಡಿ ಗ್ಯಾಸ್ ತುಂಬಿದರು. ಈ ಬೇಸಿಗೆಯಲ್ಲೂ ಅದೇ ಗ್ಯಾಸ್ ಓಡುತ್ತಿದೆ.