ಕೈ ಊರದೆ ಕುರ್ಚಿಯಿಂದ ಏಳುವುದು ಹೇಗೆ?

ದಿನಾ ತಪ್ಪದೆ ವಾಕಿಂಗ್ ಹೋಗುವವರೂ ತಗ್ಗಾದ ಸೋಫಾದಿಂದ ಏಳಲು ಪರದಾಡುವುದನ್ನು ನೋಡಿದ್ದೇನೆ. ವಾಕಿಂಗ್ ಬಿಡಬೇಡಿ, ಹೃದಯಕ್ಕೆ ಒಳ್ಳೆಯದು. ಆದರೆ ತೊಡೆ, ಸೊಂಟದ ಬಲಕ್ಕೆ ಅದಷ್ಟೇ ಸಾಲದು. ವಯಸ್ಸಾದಂತೆ ಸ್ನಾಯು ಕರಗುತ್ತದೆ, 60 ದಾಟಿದ ಮೇಲೆ ಇನ್ನೂ ಜಾಸ್ತಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ, ವಾರದಲ್ಲಿ 2 ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎನ್ನುತ್ತದೆ. ಒಂದೇ ಒಂದನ್ನು ಆರಿಸಿ ಎಂದರೆ ನಾನು ಕುರ್ಚಿಯಿಂದ ಎದ್ದು ಕೂರುವುದನ್ನೇ ಆರಿಸುತ್ತೇನೆ.

ಮೊದಲು ಕುರ್ಚಿ. ಚಕ್ರ ಬೇಡ, ಮೆತ್ತನೆ ಸೀಟು ಬೇಡ. ಸುಮಾರು 45 ಸೆಂ.ಮೀ. ಎತ್ತರದ್ದನ್ನು ಗೋಡೆಗೆ ಒತ್ತಿ ಇಡಿ.

ಆಮೇಲೆ ಸೀಟಿನ ಮುಂಭಾಗಕ್ಕೆ ಸರಿದು ಕೂತು, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ ಬರುವಂತೆ ಎಳೆದುಕೊಳ್ಳಿ. ಕೈಗಳು ಎದೆಯ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ. ಕೈ ಊರದೆ ಆಗುತ್ತಲೇ ಇಲ್ಲವೇ? ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಳ್ಳಿ.

ಹೆಚ್ಚಿನವರು ಕೆಡಿಸುವುದು ಕೂರುವಾಗ. ಎದ್ದಿದ್ದೇ ದೊಡ್ಡದು ಎಂದು ಧೊಪ್ಪನೆ ಬೀಳುತ್ತಾರೆ, ಅರ್ಧ ವ್ಯಾಯಾಮ ಅಲ್ಲೇ ಹೋಯಿತು. ಕೆಳಗಿಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಯಬೇಕು. ಮೆಟ್ಟಿಲು ಇಳಿಯುವಾಗ ಬೇಕಾಗುವುದೂ ಇದೇ ಶಕ್ತಿ. ಹಾಗಾಗಿ ಮೊದಲು ಸೊಂಟವನ್ನು ಹಿಂದೆ ತಳ್ಳಿ, ನಂತರ ಮಂಡಿ ಬಗ್ಗಿಸಿ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಇಳಿಯಿರಿ. ಮಂಡಿಗಳು ಒಳಕ್ಕೆ ವಾಲಬಾರದು, ಹಿಮ್ಮಡಿ ಏಳಬಾರದು. ಕೊನೆಯ ಒಂದು ಗೇಣಿನಲ್ಲೇ ಎಲ್ಲರೂ ಕೈಬಿಡುವುದು, ಅಲ್ಲೇ ಇನ್ನಷ್ಟು ನಿಧಾನ ಮಾಡಿ. ಸೀಟಿಗೆ ತಾಗಿದ ಸದ್ದೇ ಕೇಳಿಸಬಾರದು.

ಹೀಗೆ 8ರಿಂದ 12 ಸಲ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೊಂದು ಸುತ್ತು. ದಿನ ಬಿಟ್ಟು ದಿನ ಸಾಕು. 12 ಸಲೀಸಾದರೆ ದಿಂಬು ತೆಗೆಯಿರಿ, ಅದೂ ಸಲೀಸಾದರೆ ಎದೆಗೆ ಒಂದು ಭಾರ ಅವಚಿಕೊಳ್ಳಿ. ಭಾರ ಏರಿಸದೆ ವರ್ಷಗಟ್ಟಲೆ ಅಷ್ಟನ್ನೇ ಮಾಡಿದರೆ ಬಲವೂ ಅಷ್ಟರಲ್ಲೇ ನಿಲ್ಲುತ್ತದೆ. ಸುಮ್ನೆ ಕೂತಲ್ಲೇ ಸ್ನಾಯು ಬೆಳೆಸುತ್ತೇವೆ ಎನ್ನುವ ನಡುಗುವ ಬೆಲ್ಟುಗಳಿಗೆ ದುಡ್ಡು ಸುರಿಯಬೇಡಿ.

ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ. ಮಂಡಿಯ ಒಳಗೆ ಚುಚ್ಚಿದರೆ, ತಲೆ ಸುತ್ತಿದರೆ, ಎದೆ ಬಿಗಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.