ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ತಪ್ಪು ಹುಡುಕುವುದು ಹೇಗೆ?

ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲ ಖಾತೆಗಳ ಶಿಲ್ಕನ್ನು (ಉಳಿದ ಬಾಕಿಯನ್ನು) ಡೆಬಿಟ್, ಕ್ರೆಡಿಟ್ ಎಂಬ ಎರಡು ಅಂಕಣಗಳಲ್ಲಿ ಬರೆದ ಪಟ್ಟಿ; ಎರಡರ ಒಟ್ಟೂ ಸಮನಾಗಬೇಕು. ಆದರೆ ಡೆಬಿಟ್ ಒಟ್ಟು ಒಂದು, ಕ್ರೆಡಿಟ್ ಒಟ್ಟು ಇನ್ನೊಂದು. ಇದು ಕಣ್ಣಿಗೆ ಬಿದ್ದೊಡನೆ ವಾಣಿಜ್ಯ ಪದವಿಯ ಹೆಚ್ಚಿನ ವಿದ್ಯಾರ್ಥಿಗಳು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ: ಜರ್ನಲ್‌ನ (ವ್ಯವಹಾರಗಳನ್ನು ಮೊದಲು ಬರೆಯುವ ಪುಸ್ತಕದ) ಮೊದಲ ನಮೂದಿನಿಂದ ಎಲ್ಲವನ್ನೂ ಮತ್ತೆ ಬರೆಯಲು ಕೂರುತ್ತಾರೆ, ಇಲ್ಲವೇ ವ್ಯತ್ಯಾಸವನ್ನು ಯಾವುದೋ ಖಾತೆಗೆ ತುರುಕಿ ಮುಂದೆ ಹೋಗುತ್ತಾರೆ. ಮೊದಲನೆಯದರಲ್ಲಿ ಸಮಯ ಹೋಗುತ್ತದೆ, ಎರಡನೆಯದರಲ್ಲಿ ಅಂಕ ಹೋಗುತ್ತದೆ. ಹುಡುಕುವ ದಾರಿ ಬರೆದ ದಾರಿಗೆ ಸರಿಯಾಗಿ ಉಲ್ಟಾ ಇರಬೇಕು: ಮೊದಲು ಪಟ್ಟಿ, ಆಮೇಲೆ ಲೆಡ್ಜರ್ (ಖಾತೆಗಳ ಪುಸ್ತಕ), ಕೊನೆಗೆ ಜರ್ನಲ್. ತಪ್ಪು ಸಾಮಾನ್ಯವಾಗಿ ಕೊನೆಯ ಹಂತಗಳಲ್ಲೇ ಆಗಿರುತ್ತದೆ, ಜರ್ನಲ್‌ವರೆಗೆ ಹೋಗುವ ಪ್ರಮೇಯ ಬರುವುದು ಅಪರೂಪ.

ಹಂತ 1: ಮತ್ತೆ ಕೂಡಿ

ಎರಡೂ ಅಂಕಣಗಳನ್ನು ಈ ಸಲ ಕೆಳಗಿನಿಂದ ಮೇಲಕ್ಕೆ ಕೂಡಿ. ಮೇಲಿನಿಂದಲೇ ಕೂಡಿದರೆ ಮನಸ್ಸು ಹಿಂದಿನ ತಪ್ಪನ್ನೇ ಮತ್ತೆ ಮಾಡುತ್ತದೆ. ವ್ಯತ್ಯಾಸ 10, 100, 1,000 ಹೀಗಿದ್ದರೆ ಮೊದಲು ದಶಕ ಹಿಡಿಯುವುದನ್ನು ಮರೆತಿದ್ದೀರಾ ನೋಡಿ. ಒಟ್ಟುಗಳನ್ನು ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆಯಿರಿ, ತಾಳೆಯಾದ ಮೇಲಷ್ಟೇ ಪೆನ್ನು. ವೈಟ್ನರ್ ಅಂತೂ ಬೇಡವೇ ಬೇಡ: ಅದರ ಕೆಳಗೆ ಹೋದ ಅಂಕಿಯೇ ಮುಂದೆ ನಿಮಗೆ ಬೇಕಾದ ಸುಳಿವು. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆದರೆ ಸಾಕು.

ಹಂತ 2: ವ್ಯತ್ಯಾಸವನ್ನು ಓದಿ

ಎಡವುವುದು ಇಲ್ಲೇ. ವ್ಯತ್ಯಾಸದ ಮೊತ್ತವೇ ತಪ್ಪು ಎಂಥದ್ದೆಂದು ಹೇಳುತ್ತಿರುತ್ತದೆ, ಆದರೆ ಅದನ್ನು ಓದುವ ಮೊದಲೇ ಪುಟ ತಿರುವಲು ಶುರುಮಾಡುತ್ತಾರೆ.

ಡೆಬಿಟ್ ಒಟ್ಟು 4,86,350, ಕ್ರೆಡಿಟ್ ಒಟ್ಟು 4,83,110 ಎಂದುಕೊಳ್ಳಿ. ಡೆಬಿಟ್ 3,240 ಹೆಚ್ಚಿದೆ. ಯಾವ ಕಡೆ ಹೆಚ್ಚು ಎಂಬುದನ್ನು ಮೊತ್ತದ ಪಕ್ಕದಲ್ಲೇ ಬರೆದಿಡಿ, ಅದಿಲ್ಲದೆ ಮುಂದಿನ ಮೂರು ಪರೀಕ್ಷೆಗಳೂ ಅರ್ಧ ಕುರುಡು.

ಮೊದಲ ಪರೀಕ್ಷೆ, 3,240 ಹಾಗೆಯೇ. ಲೆಡ್ಜರಿನಲ್ಲಿ 3,240 ಕ್ರೆಡಿಟ್ ಶಿಲ್ಕಿರುವ ಖಾತೆಯೊಂದು ಪಟ್ಟಿಗೆ ಬಾರದೆ ಉಳಿದಿದೆಯೇ? ಅದೇ ಮೊತ್ತದ ಡೆಬಿಟ್ ಎರಡು ಸಲ ಬಂದಿದೆಯೇ?

ಎರಡನೆಯದು, ಅರ್ಧ ಮಾಡಿ: 1,620. ಕ್ರೆಡಿಟ್‌ಗೆ ಹೋಗಬೇಕಿದ್ದ 1,620 ಡೆಬಿಟ್ ಕಡೆ ಕೂತಿದ್ದರೆ ವ್ಯತ್ಯಾಸ ಅದರ ಎರಡರಷ್ಟಾಗುತ್ತದೆ, ಏಕೆಂದರೆ ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಹೆಚ್ಚಾಗಿದೆ. ಮಾರಾಟ ವಾಪಸು (ಡೆಬಿಟ್) ಮತ್ತು ಖರೀದಿ ವಾಪಸು (ಕ್ರೆಡಿಟ್), ಬ್ಯಾಂಕ್ ಓವರ್‌ಡ್ರಾಫ್ಟ್ (ಕ್ರೆಡಿಟ್), ಮಾಲೀಕರು ಸ್ವಂತಕ್ಕೆ ತೆಗೆದ ಡ್ರಾಯಿಂಗ್ಸ್ (ಡೆಬಿಟ್), ವಸೂಲಾಗದ ಸಾಲಕ್ಕೆ ಇಟ್ಟ ಪ್ರಾವಿಷನ್ (ಕ್ರೆಡಿಟ್): ಕಡೆ ತಪ್ಪುವುದು ಹೆಚ್ಚಾಗಿ ಇವುಗಳಲ್ಲೇ. ಮೊದಲು ಇವನ್ನೇ ನೋಡಿ.

ಮೂರನೆಯದು, 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಎರಡು ಸಾಧ್ಯತೆ. ಒಂದು, ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆ. 5,640 ಬರೆಯುವಲ್ಲಿ 5,460 ಬರೆದರೆ ವ್ಯತ್ಯಾಸ 180, ಅದನ್ನು 9ರಿಂದ ಭಾಗಿಸಿದರೆ 20. ಇದರಲ್ಲಿ 2 ಎಂಬುದು ಅದಲುಬದಲಾದ ಅಂಕಿಗಳ ನಡುವಿನ ಅಂತರ (6 ಮತ್ತು 4); ಒಂದು ಸೊನ್ನೆ ಇರುವುದರಿಂದ ಗಲಿಬಿಲಿ ಆಗಿರುವುದು ಹತ್ತರ ಮತ್ತು ನೂರರ ಸ್ಥಾನದಲ್ಲಿ. ಸೊನ್ನೆ ಇಲ್ಲದಿದ್ದರೆ ಬಿಡಿ ಮತ್ತು ಹತ್ತರ ಸ್ಥಾನ: 63 ಹೋಗಿ 36 ಆದರೆ ವ್ಯತ್ಯಾಸ 27, ಭಾಗಲಬ್ಧ 3. ಹೀಗೆ ಇಡೀ ಲೆಡ್ಜರಿನಲ್ಲಿ ನೋಡಬೇಕಾದ ಅಂಕಿಗಳು ಬೆರಳೆಣಿಕೆಗೆ ಇಳಿಯುತ್ತವೆ.

ಇನ್ನೊಂದು ಸಾಧ್ಯತೆ, ಸೊನ್ನೆ ಜಾರಿದೆ. ನಮ್ಮ 3,240ನ್ನು 9ರಿಂದ ಭಾಗಿಸಿದರೆ 360. ಇದು ಒಂದೇ ಅಂಕಿ ಮತ್ತು ಸೊನ್ನೆಗಳಲ್ಲ, ಹಾಗಾಗಿ ಪಕ್ಕದ ಅಂಕಿಗಳ ಅದಲುಬದಲಲ್ಲ. 3,600 ಇರಬೇಕಾದಲ್ಲಿ 360, ಇಲ್ಲವೇ 360ರ ಜಾಗದಲ್ಲಿ 3,600 ಬಂದಿರಬಹುದು. ಡೆಬಿಟ್ ಹೆಚ್ಚಿರುವುದರಿಂದ ಡೆಬಿಟ್ ಕಡೆಯ 3,600ಗಳನ್ನೂ ಕ್ರೆಡಿಟ್ ಕಡೆಯ 360ಗಳನ್ನೂ ಮಾತ್ರ ನೋಡಿದರೆ ಸಾಕು. ವ್ಯತ್ಯಾಸ 99ರಿಂದಲೂ ಭಾಗವಾದರೆ ಎರಡು ಸ್ಥಾನ ಜಾರಿರಬಹುದು ಅಥವಾ 852 ಎಂಬುದು 258 ಆದಂತೆ ನಡುವಿನ ಅಂಕಿ ಬಿಟ್ಟು ಆಚೀಚಿನವು ಬದಲಾಗಿರಬಹುದು.

9ರ ಪರೀಕ್ಷೆಯನ್ನು ದೈವವಾಣಿ ಎಂದುಕೊಳ್ಳಬೇಡಿ. ಯಾವುದೇ ಸಂಖ್ಯೆ ಆಕಸ್ಮಿಕವಾಗಿ 9ರಿಂದ ಭಾಗವಾಗುವ ಸಾಧ್ಯತೆ ಒಂಬತ್ತರಲ್ಲಿ ಒಂದು ಇದ್ದೇ ಇದೆ. ಎರಡು ತಪ್ಪುಗಳು ಸೇರಿಕೊಂಡಿದ್ದರಂತೂ ಮೂರೂ ಪರೀಕ್ಷೆ ಸುಳ್ಳು ಹೇಳಬಹುದು. ಹತ್ತು ನಿಮಿಷದಲ್ಲಿ ಏನೂ ಸಿಗದಿದ್ದರೆ ಬಿಟ್ಟು ಮುಂದಿನ ಹಂತಕ್ಕೆ ಹೋಗಿ.

ಹಂತ 3: ಪಟ್ಟಿ ಮತ್ತು ಲೆಡ್ಜರ್

ಪ್ರತಿ ಶಿಲ್ಕನ್ನೂ ಲೆಡ್ಜರಿನಿಂದ ಪಟ್ಟಿಗೆ ಗುರುತು ಹಾಕುತ್ತಾ ಬನ್ನಿ. ಪಟ್ಟಿಯಿಂದ ಲೆಡ್ಜರಿಗೆ ಹೋದರೆ ಪಟ್ಟಿಯಲ್ಲಿ ಇಲ್ಲದ ಖಾತೆ ಕಾಣುವುದೇ ಇಲ್ಲ. ಹೆಚ್ಚು ಬಿಟ್ಟುಹೋಗುವುದು ನಗದು ಮತ್ತು ಬ್ಯಾಂಕ್ ಶಿಲ್ಕು, ಏಕೆಂದರೆ ಅವು ಲೆಡ್ಜರಿನಲ್ಲಿ ಇರುವುದಿಲ್ಲ, ನಗದು ಪುಸ್ತಕದಲ್ಲಿರುತ್ತವೆ. ಅಂತಿಮ ದಾಸ್ತಾನನ್ನು ಸುಮ್ಮನೆ ಡೆಬಿಟ್‌ಗೆ ಸೇರಿಸುವುದು ಇನ್ನೊಂದು ಚಟ. ಖರೀದಿ ಖಾತೆಯಲ್ಲಿ ಹೊಂದಾಣಿಕೆ ಆಗಿದ್ದರೆ ಮಾತ್ರ ಅದಕ್ಕೆ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಜಾಗ.

ಹಂತ 4: ಪೋಸ್ಟಿಂಗ್

ಮೂಲ ಪುಸ್ತಕದ ನಮೂದುಗಳನ್ನು ಲೆಡ್ಜರಿಗೆ ಒಯ್ದದ್ದು (ಅದೇ ಪೋಸ್ಟಿಂಗ್) ಸರಿಯಿದೆಯೇ ನೋಡಿ. ಇಬ್ಬರಿದ್ದರೆ ಒಬ್ಬರು ನಮೂದು ಓದಿ, ಇನ್ನೊಬ್ಬರು ಗುರುತು ಹಾಕಿ. ಕೊನೆಗೆ ಗುರುತಿಲ್ಲದೆ ಉಳಿದದ್ದೇ ತಪ್ಪು. ಉಪಪುಸ್ತಕಗಳ (ಮಾರಾಟ, ಖರೀದಿ ಮುಂತಾದವಕ್ಕೆ ಇಟ್ಟ ಪ್ರತ್ಯೇಕ ಪುಸ್ತಕಗಳ) ಒಟ್ಟನ್ನು ಪುಟದಿಂದ ಪುಟಕ್ಕೆ ಒಯ್ದಿರುವಲ್ಲಿ ವಿಶೇಷ ಗಮನ ಕೊಡಿ. ಮಾರಾಟ ಪುಸ್ತಕದ ಒಟ್ಟು 900 ಕಡಿಮೆಯಾದರೆ ಗಿರಾಕಿಗಳ ಖಾತೆಗಳು ಸರಿಯಾಗಿಯೇ ಇರುತ್ತವೆ, ಮಾರಾಟ ಖಾತೆಯೊಂದೇ ಕೆಡುತ್ತದೆ.

ಮೂರು ಅಂಕಣದ ನಗದು ಪುಸ್ತಕದ ಡಿಸ್ಕೌಂಟ್ ಅಂಕಣದ ಶಿಲ್ಕು ತೆಗೆಯಲು ಹೋಗಬೇಡಿ. ಡೆಬಿಟ್ ಕಡೆಯ ಒಟ್ಟು ಕೊಟ್ಟ ಡಿಸ್ಕೌಂಟ್ ಖಾತೆಯ ಡೆಬಿಟ್‌ಗೆ, ಕ್ರೆಡಿಟ್ ಕಡೆಯ ಒಟ್ಟು ಪಡೆದ ಡಿಸ್ಕೌಂಟ್ ಖಾತೆಯ ಕ್ರೆಡಿಟ್‌ಗೆ ಹೋಗಬೇಕು. ನಗದು ಪುಸ್ತಕದ ಬೇರೆ ನಮೂದುಗಳೆಲ್ಲ ಲೆಡ್ಜರಿನಲ್ಲಿ ಎದುರು ಕಡೆಗೆ ಹೋಗುವುದರಿಂದ ಕೈ ಅಭ್ಯಾಸಬಲದಿಂದ ಇದನ್ನೂ ಎದುರಿಗೇ ಬರೆಯುತ್ತದೆ.

ಸಾಫ್ಟ್‌ವೇರ್‌ನಲ್ಲಿ ಮಾಡಿದರೆ ಈ ಕಷ್ಟವಿಲ್ಲ ಎನ್ನುವವರಿದ್ದಾರೆ. ಹೌದು, ಎರಡು ಕಡೆ ಸಮನಾಗದ ನಮೂದನ್ನು ಅದು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಆದರೆ ಸರಿಯಾದ ಮೊತ್ತವನ್ನು ತಪ್ಪು ಖಾತೆಗೆ ಹಾಕಿದರೆ ತುಟಿ ಪಿಟಕ್ ಎನ್ನುವುದೂ ಇಲ್ಲ. ಬರೀ ಉತ್ತರ ಅಚ್ಚು ಹಾಕಿದ ಗೈಡ್‌ಗಳೂ ಇದಕ್ಕೆ ನಿರುಪಯೋಗಿ, ತಪ್ಪು ಎಲ್ಲಿ ಆಯಿತೆಂದು ಅವು ತೋರಿಸುವುದಿಲ್ಲ.

ಹಂತ 5: ಸಸ್ಪೆನ್ಸ್ ಖಾತೆ

ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಇಡುವ ಖಾತೆ ಇದು, ಎಲ್ಲ ಹುಡುಕಿಯೂ ತಪ್ಪು ಸಿಗದಿದ್ದರೆ ಮಾತ್ರ. ಡೆಬಿಟ್ 3,240 ಹೆಚ್ಚಿದ್ದರೆ ಕ್ರೆಡಿಟ್ ಕಡೆ ಸಸ್ಪೆನ್ಸ್ 3,240 ಬರೆಯಿರಿ. ಇಲ್ಲಿನ ದೊಡ್ಡ ಎಡವಟ್ಟು, ಮುಂದೆ ಸಿಗುವ ಪ್ರತಿ ತಪ್ಪನ್ನೂ ಸಸ್ಪೆನ್ಸ್ ಮೂಲಕವೇ ತಿದ್ದುವುದು. ಒಂದೇ ಕಡೆ ಕೆಟ್ಟ ತಪ್ಪಿಗೆ ಮಾತ್ರ ಅದು ಬೇಕು. ಯಂತ್ರದ ದುರಸ್ತಿಯ 2,500ನ್ನು ಯಂತ್ರ ಖಾತೆಗೆ ಡೆಬಿಟ್ ಮಾಡಿದ್ದರೆ ಎರಡು ಕಡೆಯ ಒಟ್ಟು ಕದಲಿರುವುದೇ ಇಲ್ಲ: ದುರಸ್ತಿ ಖಾತೆಗೆ ಡೆಬಿಟ್, ಯಂತ್ರ ಖಾತೆಗೆ ಕ್ರೆಡಿಟ್, ಅಷ್ಟೇ. ಪೂರ್ತಿ ಬಿಟ್ಟುಹೋದ ವ್ಯವಹಾರ, ಒಬ್ಬ ಗಿರಾಕಿಯ ಬದಲು ಇನ್ನೊಬ್ಬನ ಖಾತೆಯ ಅದೇ ಕಡೆಗೆ ಹೋದ ಮೊತ್ತ, ಮೂಲ ಪುಸ್ತಕದಲ್ಲೇ ತಪ್ಪಾಗಿ ಬರೆದ ಮೊತ್ತ ಇವೂ ಹಾಗೆಯೇ; ತಾಳೆಯಾದ ಪಟ್ಟಿಯೊಳಗೂ ಇವು ಅಡಗಿ ಕೂರಬಲ್ಲವು.

ಇನ್ನು ನಮ್ಮ ಲೆಕ್ಕದಲ್ಲಿ ಗಿರಾಕಿಯಿಂದ ಬಂದ 1,620 ಅವನ ಖಾತೆಯ ಡೆಬಿಟ್‌ಗೆ ಹೋಗಿತ್ತೆಂದು ಕೊನೆಗೆ ತಿಳಿಯಿತು ಎನ್ನಿ. ತಿದ್ದುವ ಮೊತ್ತ 1,620 ಅಲ್ಲ, 3,240: ತಪ್ಪು ಡೆಬಿಟ್ ಅಳಿಸಲು ಒಂದು ಪಾಲು, ಸರಿಯಾದ ಕ್ರೆಡಿಟ್ ಕೊಡಲು ಇನ್ನೊಂದು. ಸಸ್ಪೆನ್ಸ್ ಖಾತೆಗೆ ಡೆಬಿಟ್ 3,240, ಗಿರಾಕಿಗೆ ಕ್ರೆಡಿಟ್ 3,240. ವಿವರಣೆಯ ಸಾಲನ್ನು ಬಿಡಬೇಡಿ. ಪ್ರಶ್ನೆಯಲ್ಲಿ ಕೊಟ್ಟ ತಪ್ಪುಗಳನ್ನೆಲ್ಲ ತಿದ್ದಿದ ಮೇಲೂ ಸಸ್ಪೆನ್ಸ್ ಸೊನ್ನೆಯಾಗದಿದ್ದರೆ ಉಳಿದದ್ದನ್ನು ಬ್ಯಾಲೆನ್ಸ್ ಶೀಟ್‌ಗೆ ಒಯ್ಯಿರಿ, ಡೆಬಿಟ್ ಶಿಲ್ಕಾದರೆ ಆಸ್ತಿ ಕಡೆ, ಕ್ರೆಡಿಟ್ ಶಿಲ್ಕಾದರೆ ಹೊಣೆ ಕಡೆ.