ಹೊರಡದ ಪ್ರಯಾಣಗಳ ಲೆಕ್ಕ

ಆ ಕೆಲಸ ನನ್ನ ಕೈಗೆ ಬರುವ ಹೊತ್ತಿಗೆ ಉತ್ತರ ಮೊದಲೇ ಸಿದ್ಧವಾಗಿತ್ತು. ಪ್ರದೇಶ ಹಿಂದುಳಿದಿದೆ, ನಡುವೆ ಹಾದುಹೋಗುವ ಹೆದ್ದಾರಿ ಎರಡು ಪಥದ್ದು, ಅದನ್ನು ನಾಲ್ಕು ಪಥ ಮಾಡಿದರೆ ಕಾರ್ಖಾನೆಗಳು ಬರುತ್ತವೆ. ಅದಕ್ಕೆ ತಕ್ಕ ಅಂಕಿಅಂಶ ಜೋಡಿಸಿಕೊಡುವುದು ಸಾರಿಗೆ ಯೋಜಕನಾದ ನನ್ನ ಪಾಲಿನ ಕೆಲಸ. ಯಾರೂ ಹೀಗೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೊದಲ ಸಭೆಯ ದಿನವೇ ಗೋಡೆ ಮೇಲೆ ನಾಲ್ಕು ಪಥದ ಬಣ್ಣದ ಚಿತ್ರ ತೂಗುಹಾಕಿದ್ದರು. ಆಗಿನ್ನೂ ಒಂದೇ ಒಂದು ಗಾಡಿ ಎಣಿಸಿರಲಿಲ್ಲ.

ನಾನೂ ಅದನ್ನು ನಂಬಿಕೊಂಡೇ ಹೊರಟಿದ್ದೆ, ಸುಳ್ಳು ಯಾಕೆ ಹೇಳಲಿ.

ಮೊದಲು ಎಣಿಕೆ. ಆಯ್ದ ಜಾಗಗಳಲ್ಲಿ ಏಳು ದಿನ, ಹಗಲು ರಾತ್ರಿ, ಕಾಲು ಗಂಟೆಗೊಂದು ಸಾಲಿನಂತೆ, ಹಾದುಹೋಗುವ ಗಾಡಿಗಳಿಗೆ ಗೀಟು ಹಾಕುತ್ತಾ ಕೂರಬೇಕು. ನಾಲ್ಕು ಗೀಟು, ಐದನೆಯದಕ್ಕೆ ಅಡ್ಡಗೀಟು. ಆಮೇಲೆ ಬೈಕು, ಬಸ್ಸು, ಲಾರಿ ಎಲ್ಲವನ್ನೂ ಕಾರಿನ ಅಳತೆಗೆ ಇಳಿಸುತ್ತೇವೆ. ಇದಕ್ಕೆ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಅಂತ ಹೆಸರು. ಕಾರು ಒಂದು ಅಂದರೆ ಬೈಕು ಅದರ ಅರ್ಧ, ಲಾರಿ ಎರಡೋ ಮೂರೋ ಕಾರಿಗೆ ಸಮ. ಎಷ್ಟು ಪಥ ಬೇಕು ಅನ್ನುವ ತೀರ್ಮಾನ ನಿಂತಿರುವುದು ಈ ಗೀಟುಗಳ ಮೇಲೆ.

ಮೂರನೇ ದಿನದ ಹಾಳೆಗಳು ಬಂದಾಗ ಒಂದು ಜಾಗದ್ದು ಯಾಕೋ ಸರಿ ಕಾಣಲಿಲ್ಲ. ರಾತ್ರಿ ಎರಡರಿಂದ ಐದರವರೆಗೆ ಬೈಕುಗಳ ಸಂಖ್ಯೆ 5, 10, 10, 5, 15 ಹೀಗೇ ಸಾಗಿತ್ತು. ಒಂದು ಕಡೆಯೂ ಏಳಿಲ್ಲ, ಹನ್ನೊಂದಿಲ್ಲ. ಗೀಟುಗಳೆಲ್ಲ ಒಂದೇ ಓರೆ, ಒಂದೇ ದಪ್ಪ. ನಿಜವಾಗಿ ಎಣಿಸಿದ ಹಾಳೆ ಅಷ್ಟು ಚೆನ್ನಾಗಿರುವುದಿಲ್ಲ. ಎರಡು ಲಾರಿ ಒಟ್ಟಿಗೆ ಬಂದಾಗ ಗೀಟು ಪಕ್ಕದ ಕಾಲಂಗೆ ಹಾರಿರುತ್ತದೆ, ಮಳೆ ಹನಿ ಬಿದ್ದು ಶಾಯಿ ಹರಡಿರುತ್ತದೆ. ಇದು ಬೆಳಗ್ಗೆ ಕೂತು ಒಂದೇ ಉಸಿರಿಗೆ ತುಂಬಿಸಿದ ಹಾಳೆ. ಹುಡುಗರ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಪಾಳಿಗೆ ಇಬ್ಬರ ಬದಲು ಒಬ್ಬನೇ ಸಾಕು ಅಂದಿದ್ದು ನಾನೇ. ಮತ್ತೆ ಎಣಿಸಬೇಕಾಯಿತು. ಈ ಸಲ ನಾನೂ ಹೋಗಿ ಕೂತೆ.

ಕೂತಿದ್ದು ಒಳ್ಳೆಯದೇ ಆಯಿತು. ರಾತ್ರಿ ರಸ್ತೆ ಪಕ್ಕ ಕೂತರೆ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸ ಮಾಡುತ್ತದೆ. ಒಳಗೆ ಬರುವ ಲಾರಿಗಳು ಭಾರಕ್ಕೆ ಮುಲುಗುತ್ತಾ ಬರುತ್ತಿದ್ದವು. ಟಾರ್ಪಾಲು ಬಿಗಿಯಾಗಿ ಕಟ್ಟಿರುತ್ತಿತ್ತು. ಹೊರಗೆ ಹೋಗುವವು ಗಲಗಲ ಅನ್ನುತ್ತಾ ಹೋಗುತ್ತಿದ್ದವು. ಹಿಂಬಾಗಿಲಿನ ಸರಪಳಿ ಕುಣಿಯುತ್ತಿತ್ತು, ಟಾರ್ಪಾಲು ಮಡಚಿಟ್ಟಿತ್ತು, ಹಗ್ಗ ಸುತ್ತಿಟ್ಟಿತ್ತು. ಖಾಲಿ. ಒಂದಲ್ಲ, ಸಾಲಾಗಿ. ನಮ್ಮ ಹಾಳೆಯಲ್ಲಿ ಎರಡು ಆಕ್ಸಲ್ (ಎಡಬಲದ ಗಾಲಿಗಳನ್ನು ಜೋಡಿಸುವ ಅಚ್ಚು) ಲಾರಿಗೆ, ಮೂರು ಆಕ್ಸಲ್ ಲಾರಿಗೆ ಕಾಲಂ ಇತ್ತು. ತುಂಬಿದ್ದಕ್ಕೂ ಖಾಲಿಗೂ ಬೇರೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದು ನಾನೇ ಮಾಡಿಕೊಂಡೆ.

ಆಮೇಲೆ ಲಾರಿ ನಿಲ್ಲಿಸಿ ಕೇಳುವ ಸರ್ವೆ. ಎಲ್ಲಿಂದ, ಎಲ್ಲಿಗೆ, ಏನು ಲೋಡು. ಖಾಲಿ ಗಾಡಿಯ ಡ್ರೈವರ್ ಒಬ್ಬರನ್ನು ಕೇಳಿದೆ, ಇಲ್ಲಿಂದ ಏನೂ ತುಂಬಿಕೊಂಡು ಹೋಗಲ್ವಾ ಅಂತ.

“ಯಾರು ತುಂಬಿಸ್ತಾರೆ ಸಾರ್? ಒಬ್ಬರತ್ರ ಹತ್ತು ಮೂಟೆ, ಇನ್ನೊಬ್ಬರತ್ರ ಎಂಟು. ಅದನ್ನ ಹುಡುಕ್ಕೊಂಡು ಒಳಗೆ ಹೋದ್ರೆ ರಸ್ತೆ ಹಾಗಿದೆ. ಎರಡು ದಿನ ಕಾಯೋದಕ್ಕಿಂತ ಖಾಲಿ ಹೋಗೋದೇ ವಾಸಿ.”

ನನ್ನ ಇಡೀ ವರದಿ ತಿರುಗಿದ್ದು ಈ ಮಾತಿನಿಂದ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬರುವಾಗ ತುಂಬಿ, ಹೋಗುವಾಗ ಖಾಲಿ ಅಂದರೆ ಆ ಪ್ರದೇಶ ಕೊಳ್ಳುತ್ತಿದೆ, ಮಾರುತ್ತಿಲ್ಲ. ಹೀಗಿರುವ ಕಡೆ ಗಾಡಿಯವರು ಹೋಗಿಬರುವ ಎರಡೂ ಕಡೆಯ ಖರ್ಚನ್ನು ಬರುವ ಸರಕಿನ ಮೇಲೇ ಹಾಕುತ್ತಾರೆ. ಹಾಗಾಗಿ ಹೊರಗಿನಿಂದ ಬರುವ ಪ್ರತಿ ಸಾಮಾನೂ ದುಬಾರಿ. ವಾಪಸು ಹೋಗುವಾಗ ಲೋಡು ಸಿಕ್ಕರೆ ಡೀಸೆಲ್ ದುಡ್ಡಿಗಾದರೂ ಒಪ್ಪುತ್ತಾರೆ. ಅಂದರೆ ಹೊರಗೆ ಸಾಗಿಸುವುದು ಅಲ್ಲಿ ಆಗಲೇ ಅಗ್ಗವಾಗಿತ್ತು! ಆದರೂ ಸರಕು ಹೋಗುತ್ತಿರಲಿಲ್ಲ. ಹೆದ್ದಾರಿ ಅಗಲವಾಗಿದ್ದರೆ ಆ ಲಾರಿಗಳು ಇನ್ನೂ ಬೇಗ ಖಾಲಿ ಹೋಗುತ್ತಿದ್ದವು, ಅಷ್ಟೇ. ತೊಡಕು ಇದ್ದದ್ದು ಹೊಲದಿಂದ ಹೆದ್ದಾರಿವರೆಗಿನ ದಾರಿಯಲ್ಲಿ, ಹತ್ತು ಮೂಟೆ ಎಂಟು ಮೂಟೆ ಒಂದೆಡೆ ಕೂಡದೇ ಇರುವುದರಲ್ಲಿ.

ನಾವು ಓದಿ ಬಂದ ಮಾಡೆಲ್‌ಗೆ ಇದು ಕಾಣುವುದಿಲ್ಲ. ನಾಲ್ಕು ಹಂತದ ಮಾಡೆಲ್ ಅಂತ ಅದನ್ನು ಕರೆಯುತ್ತಾರೆ. 1955ರಲ್ಲಿ ಶುರುವಾದ ಷಿಕಾಗೊ ನಗರದ ಸಾರಿಗೆ ಅಧ್ಯಯನದಂಥ ಕೆಲಸಗಳಲ್ಲಿ ಅದು ರೂಪುಗೊಂಡಿತು. ಎಷ್ಟು ಪ್ರಯಾಣ ಹುಟ್ಟುತ್ತವೆ, ಎಲ್ಲಿಗೆ ಹೋಗುತ್ತವೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ, ಹೀಗೆ ನಾಲ್ಕು ಮೆಟ್ಟಿಲು. ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ. ಆದರೆ ಇವತ್ತು ಓಡಾಡುವವರನ್ನು ನೋಡಿ ನಾಳೆಯವರನ್ನು ಊಹಿಸುವುದು ಅದರ ರೀತಿ. ಇವತ್ತು ಮನೆಯಲ್ಲೇ ಕೂತವರು, ಅಂಗಳದಲ್ಲೇ ಕೊಳೆತ ತರಕಾರಿ ಅದರ ಲೆಕ್ಕಕ್ಕೆ ಸೊನ್ನೆ. ಹಿಂದುಳಿದ ಪ್ರದೇಶದಲ್ಲಿ ಕಥೆಯೆಲ್ಲ ಇರುವುದೇ ಆ ಸೊನ್ನೆಯಲ್ಲಿ.

ಹಾಗಾಗಿ ಮನೆ ಮನೆ ಸರ್ವೆಯ ಫಾರಂಗೆ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿದೆ. “ಕಳೆದ ತಿಂಗಳು ಹೋಗಬೇಕು ಅಂದುಕೊಂಡು ಹೋಗದೇ ಉಳಿದದ್ದು ಎಲ್ಲಿಗೆ? ಯಾಕೆ?” ಇದನ್ನು ಯಾವ ಕೋಡ್‌ನಲ್ಲಿ ತುಂಬಿಸುವುದು ಅಂತ ಸಹೋದ್ಯೋಗಿಗಳು ಗೊಣಗಿದರು. ಅವರು ಹೇಳಿದ್ದೂ ಸರಿಯೇ. ಬಂದ ಉತ್ತರಗಳನ್ನು ವಿಂಗಡಿಸಲು ಮೂರು ವಾರ ಹಿಡಿಯಿತು. ಆದರೆ ಇಡೀ ಸರ್ವೆಯಲ್ಲಿ ನಾನು ಎರಡೆರಡು ಸಲ ಓದಿದ್ದು ಆ ಕೊನೆಯ ಪ್ರಶ್ನೆಯ ಉತ್ತರಗಳನ್ನೇ.

ಒಂದು ಮನೆಗೆ ನಾನೇ ಹೋಗಿದ್ದೆ. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು. ಹೊಲಿಗೆ ಕಲಿತಿದ್ದಳು. ಪಟ್ಟಣದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಹತ್ತು ದಿನ ಹೋಗಿ ಬಿಟ್ಟಿದ್ದಳು. ಬಸ್ಸಿಲ್ವಾ ಅಂದೆ.

“ಹೋಗೋಕೆ ಬಸ್ಸಿದೆ ಸಾರ್, ಬರೋಕಿಲ್ಲ.”

ಕಾರ್ಖಾನೆ ಬಿಡುವುದು ಸಂಜೆ ಆರಕ್ಕೆ. ಊರಿನ ಕಡೆಗೆ ಕೊನೆಯ ಬಸ್ಸು 5:40ಕ್ಕೆ. ಇಪ್ಪತ್ತು ನಿಮಿಷ. ಅದೇ ಸಾಲಿನ ಹಳ್ಳಿಗಳಿಂದ ಇದೇ ಉತ್ತರ ಮತ್ತೆ ಮತ್ತೆ ಬಂತು. ಆ ಕಡೆ ಕಾರ್ಖಾನೆಯವರು ಜನ ಸಿಗಲ್ಲ ಅಂತ ದೂರುತ್ತಿದ್ದರು. ಈ ಕಡೆ ಕೆಲಸ ಸಿಗಲ್ಲ ಅಂತ ಇವರು. ನಡುವೆ ಒಂದು ವೇಳಾಪಟ್ಟಿ.

ಸಭೆಯಲ್ಲಿ ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಗೊತ್ತಿತ್ತು. ನಕ್ಷೆ ಮಾಡಿದೆ. ಪಟ್ಟಣದಿಂದ ಒಂದು ಗಂಟೆಯೊಳಗೆ ಎಲ್ಲೆಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಬಣ್ಣ ಹಾಕುವ ನಕ್ಷೆ. ಹೊಸದೇನಲ್ಲ, 1881ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಲಂಡನ್‌ನಿಂದ ಜಗತ್ತಿನ ಮೂಲೆ ಮೂಲೆಗೆ ಎಷ್ಟು ದಿನದ ಪ್ರಯಾಣ ಅಂತ ಬಣ್ಣ ಬಳಿದಿದ್ದ. ನಾನು ಮಾಡಿದ ಒಂದೇ ಬದಲಾವಣೆ ಅಂದರೆ, ಒಂದರ ಬದಲು ಮೂರು ನಕ್ಷೆ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಆರೂಕಾಲಿಗೆ. ಬೈಕ್ ಇಲ್ಲದವರಿಗೆ. ಬೆಳಗಿನದು ಹರಡಿದ ಅಂಗೈ ಹಾಗಿತ್ತು. ಸಂಜೆಯದರಲ್ಲಿ ಪಟ್ಟಣದ ಸುತ್ತ ಒಂದು ಚುಕ್ಕೆ. ರಸ್ತೆ ಅದೇ, ಡಾಂಬರು ಅದೇ.

ಸಭೆಯಲ್ಲಿ ಹಿರಿಯ ಎಂಜಿನಿಯರ್ ಒಬ್ಬರು ನಕ್ಷೆ ನೋಡಿ, “ಅದೆಲ್ಲ ಸರಿ. ಮೊದಲು ರಸ್ತೆ ಬರಲಿ, ಆಮೇಲೆ ಎಲ್ಲಾ ಬರುತ್ತೆ” ಅಂದರು. “ಬರುತ್ತೆ ಸಾರ್, ಹೋಗೋದೂ ಹೋಗುತ್ತೆ” ಅಂದೆ. ಸ್ವಲ್ಪ ಉದ್ಧಟತನ ಆಯಿತೇನೋ. ಆದರೆ ಮಾತು ಸುಳ್ಳಲ್ಲ. ಜಪಾನಿನಲ್ಲಿ ಇದನ್ನು ಸ್ಟ್ರಾ ಪರಿಣಾಮ ಅನ್ನುತ್ತಾರೆ. ದೊಡ್ಡ ಊರಿಗೂ ಸಣ್ಣ ಊರಿಗೂ ನಡುವೆ ಸೇತುವೆಯೋ ವೇಗದ ರೈಲೋ ಬಂದರೆ, ದೊಡ್ಡದು ಸಣ್ಣದನ್ನು ಕೊಳವೆ ಹಾಕಿ ಹೀರುತ್ತದೆ ಅಂತ. ಚೀನಾದ ರಾಷ್ಟ್ರೀಯ ಹೆದ್ದಾರಿ ಜಾಲ ದೊಡ್ಡ ನಗರಗಳನ್ನು ಜೋಡಿಸಲು ಹಾಕಿದ್ದು. ನಡುವೆ ಸಿಕ್ಕಿ ಅದಕ್ಕೆ ಜೋಡಣೆಯಾದ ಸಣ್ಣ ಕೌಂಟಿಗಳಲ್ಲಿ (ನಮ್ಮ ತಾಲ್ಲೂಕಿನಂಥವು) ಕೈಗಾರಿಕೆಯ ಬೆಳವಣಿಗೆ, ಜೋಡಣೆಯಾಗದವಕ್ಕಿಂತ ಕಡಿಮೆಯಾಗಿದ್ದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡಿತು. ಇನ್ನೊಂದು ಕಡೆ, ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಭಾರತದ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥ ಹೆದ್ದಾರಿಯ ವಿಷಯ ತೆಗೆದುಕೊಳ್ಳಿ. ಅದರಿಂದ 10 ಕಿ.ಮೀ. ಒಳಗಿದ್ದ ಜಿಲ್ಲೆಗಳಲ್ಲಿ ತಯಾರಿಕಾ ಉದ್ಯಮ ಚೆನ್ನಾಗಿ ಬೆಳೆಯಿತು. 10ರಿಂದ 50 ಕಿ.ಮೀ. ದೂರದವಕ್ಕೆ ಆ ಲಾಭ ಕಾಣಲಿಲ್ಲ. ಅಂದರೆ ಹೆದ್ದಾರಿಯಿಂದ ಲಾಭವೇ ಇಲ್ಲ ಅಂತ ನಾನು ವಾದಿಸುತ್ತಿರಲಿಲ್ಲ. ಯಾರಿಗೆ, ಎಷ್ಟು ದೂರದವರೆಗೆ ಅನ್ನುವುದು ನನ್ನ ಪ್ರಶ್ನೆ. ನಮ್ಮ ಪ್ರದೇಶದ ಹಳ್ಳಿಗಳಲ್ಲಿ ಜಾಸ್ತಿ ಭಾಗ ಆ 10 ಕಿ.ಮೀ. ಆಚೆ ಇದ್ದವು. ಪಟ್ಟಣದಲ್ಲಿ ಸೋಪು, ಬೀಗ, ಮರದ ಸಾಮಾನು ಮಾಡುವ ಸಣ್ಣ ಕಾರ್ಖಾನೆಗಳಿಗೆ, ಹೊರಗಿನ ದೊಡ್ಡ ಕಂಪನಿಗಳ ಸರಕು ನುಗ್ಗದಂತೆ, ದೂರವೇ ಬೇಲಿಯಾಗಿತ್ತು. ಬೇಲಿ ತೆಗೆಯುವ ಮೊದಲು ಅವರ ಸರಕು ಹೊರಗೆ ಹೋಗುವ ದಾರಿ ಆಗಿರಬೇಕಲ್ವಾ?

ಕೊನೆಗೆ ವರದಿಯಲ್ಲಿ ಕೆಲಸಗಳ ಸರದಿಯನ್ನು ತಿರುಗಿಸಿ ಬರೆದೆವು. ಮಳೆಗಾಲದಲ್ಲಿ ಮುಳುಗುವ ಮೂರು ಕಡೆ ಕಿರುಸೇತುವೆ. ಹಳ್ಳಿಗಳಿಂದ ಹೆದ್ದಾರಿಗೆ ಬಂದು ಸೇರುವ ಸಂಪರ್ಕ ರಸ್ತೆಗಳು. ಕೊನೆಯ ಬಸ್ಸು ಕಾರ್ಖಾನೆ ಬಿಟ್ಟ ಮೇಲೆ. ಹೆದ್ದಾರಿ ಪಕ್ಕ ಒಂದು ಲೋಡ್ ಯಾರ್ಡ್. ಹತ್ತು ಮೂಟೆಯವರೂ ಎಂಟು ಮೂಟೆಯವರೂ ತಂದಿಡಲು ಸೂರು, ತೂಕಕ್ಕೆ ವೇ ಬ್ರಿಡ್ಜ್, ಖಾಲಿ ಲಾರಿ ನಿಲ್ಲಲು ಜಾಗ. ಹೆದ್ದಾರಿ ಅಗಲ ಮಾಡುವುದು ಪಟ್ಟಣದ ಹತ್ತಿರದ ತುಂಡಿಗೆ ಮಾತ್ರ. ನಿಜವಾದ ದಟ್ಟಣೆ ಇದ್ದದ್ದು ಅಲ್ಲೇ.

ಮುಂದಿನ ಇಪ್ಪತ್ತು ವರ್ಷದ ಅಂದಾಜಿನ ವಿಷಯಕ್ಕೆ ಮತ್ತೆ ಜಗಳ. ನಾನು ಮೂರು ಸಂಖ್ಯೆ ಕೊಟ್ಟೆ: ಕಡಿಮೆ, ನಡುವಿನದು, ಹೆಚ್ಚು. ಒಂದೇ ಕೊಡಿ ಅಂದರು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯಾ ಮತ್ತು ಸಂಗಡಿಗರು 14 ದೇಶಗಳ 210 ಯೋಜನೆಗಳನ್ನು ಕೆದಕಿ ನೋಡಿ 2005ರಲ್ಲಿ ಪ್ರಕಟಿಸಿದ್ದನ್ನು ಮುಂದಿಟ್ಟೆ. ಹತ್ತು ರೈಲು ಯೋಜನೆಗಳಲ್ಲಿ ಒಂಬತ್ತರಲ್ಲಿ ಪ್ರಯಾಣಿಕರ ಅಂದಾಜು ನಿಜಕ್ಕಿಂತ ಜಾಸ್ತಿ ಇತ್ತು. ರಸ್ತೆಗಳಲ್ಲಿ ಅರ್ಧದಷ್ಟು ಯೋಜನೆಗಳ ಅಂದಾಜು ಶೇ. 20ಕ್ಕಿಂತ ಹೆಚ್ಚು ತಪ್ಪಿತ್ತು. ಎಲ್ಲರೂ ತಲೆಯಾಡಿಸಿದರು. ಅಂತಿಮ ವರದಿಯಲ್ಲಿ ನಡುವಿನದೊಂದೇ ಉಳಿಯಿತು.

ಈಗ ನನ್ನ ತಪ್ಪಿನ ವಿಷಯ. ಸಂಪರ್ಕ ರಸ್ತೆಗಳಿಗೆ ಟ್ರ್ಯಾಕ್ಟರು, ಸಣ್ಣ ವ್ಯಾನು, ದಿನಕ್ಕೆ ಒಂದೆರಡು ಬಸ್ಸು ಅಂತ ಲೆಕ್ಕ ಹಾಕಿ ತೆಳ್ಳಗಿನ ಪದರ ಸೂಚಿಸಿದ್ದೆ. ಕಿರುಸೇತುವೆ ಆದ ತಕ್ಷಣ ಒಂದು ರಸ್ತೆ ಕಲ್ಲುಕ್ವಾರಿ ಲಾರಿಗಳಿಗೆ ಒಳದಾರಿಯಾಯಿತು. ನಕ್ಷೆ ಮೇಲೆ ಆ ದಾರಿ ನನ್ನ ಕಣ್ಣಿಗೂ ಬಿದ್ದಿತ್ತು. ಯಾರು ಹೋಗ್ತಾರೆ ಅಂತ ಬಿಟ್ಟಿದ್ದೆ. ಒಂದೇ ಮಳೆಗಾಲಕ್ಕೆ ಅಂಚುಗಳು ಒಡೆದು, ಚಕ್ರದ ಜಾಡಿನಲ್ಲಿ ಕಾಲುವೆ ಬಿದ್ದಿತ್ತು. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಬೇರೆ ಬೇರೆ ತೂಕದ ಗಾಡಿಗಳನ್ನು ಓಡಿಸಿ ಕಂಡುಕೊಂಡ ನಿಯಮವನ್ನು ನಮ್ಮ ಕಸುಬಿನವರೆಲ್ಲ ಬಾಯಿಪಾಠ ಮಾಡಿರುತ್ತೇವೆ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಬಾಯಿಪಾಠ ಇದ್ದೇನು ಪ್ರಯೋಜನ? ಒಂದು ಹೊಸ ದಾರಿ ತೆರೆದರೆ ನಾವು ಕರೆಯದವರೂ ಬರುತ್ತಾರೆ ಅಂತ ಆಗ ಹೊಳೆಯಲಿಲ್ಲ. ಆ ರಸ್ತೆಯನ್ನು ಕಿತ್ತು ಮತ್ತೆ ಹಾಕಬೇಕಾಯಿತು. ಆ ಹಳ್ಳಿಯವರ ಎದುರು ನಿಲ್ಲಲು ನನಗೆ ಈಗಲೂ ಮುಜುಗರ.

ಮೂರು ವರ್ಷದ ನಂತರ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗಬೇಕಾಯಿತು. ಬಸ್ಸು 6:20ಕ್ಕೆ ಆಗಿತ್ತು. ಡ್ರೈವರ್ ಕೊರತೆ ಇದ್ದ ದಿನ ಬರುವುದಿಲ್ಲವಂತೆ, ಆ ದಿನ ನಾಲ್ಕೈದು ಜನ ಸೇರಿ ಆಟೋ ಹಿಡಿಯುತ್ತಾರಂತೆ. ಲೋಡ್ ಯಾರ್ಡಿಗೆ ಕಾಂಪೌಂಡ್ ಬಂದಿತ್ತು, ಸೂರು ಅರ್ಧ ಮಾತ್ರ. ವೇ ಬ್ರಿಡ್ಜ್ ಕೂತಿತ್ತು, ಕರೆಂಟು ಕೊಟ್ಟಿರಲಿಲ್ಲ. ಸೂರಿರುವ ಅರ್ಧದ ಕೆಳಗೆ ಮೂಟೆಗಳಿದ್ದವು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು. ಮೂರು ಲಾರಿ ನಿಂತಿದ್ದವು. ಒಂದರ ಕೆಳಗೆ ಡ್ರೈವರ್ ಟಾರ್ಪಾಲು ಹಾಸಿಕೊಂಡು ಮಲಗಿದ್ದ.

ರಾತ್ರಿ ಊಟವಾದ ಮೇಲೆ ಸುಮ್ನೆ ಹಳೇ ಜಾಗಕ್ಕೆ ಹೋಗಿ ಕೂತೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಕಾಲಂ ಎಳೆದೆ, ತುಂಬಿದ್ದು, ಖಾಲಿ. ಹೊರಗೆ ಹೋಗುವವನ್ನಷ್ಟೇ ಎಣಿಸಿದೆ. ಎರಡು ಗಂಟೆಯಾದರೂ ಖಾಲಿ ಕಾಲಂನಲ್ಲೇ ಗೀಟು ಜಾಸ್ತಿ. ಪಕ್ಕದ್ದರಲ್ಲಿ ನಾಲ್ಕು ನಿಂತಿದ್ದವು. ಇನ್ನೇನು ಏಳಬೇಕು ಅನ್ನುವಾಗ ಯಾರ್ಡಿನ ಕಡೆಯಿಂದ ಒಂದು ಲಾರಿ ಮುಲುಗುತ್ತಾ ಬಂತು. ಟಾರ್ಪಾಲು ಬಿಗಿಯಾಗಿತ್ತು. ಅಡ್ಡಗೀಟು ಹಾಕಿದೆ.